ಜಾತ್ರೆಯ ಸಿಂಹಕ್ಕೆ ಹಲ್ಲಿಲ್ಲ, ಬೋಲ್ಟುಂಟು: ಪ್ರಾಣಿ ರೂಪದ ಆಟದ ಯಂತ್ರಗಳ ಒಳಗುಟ್ಟು

ಬಾಗಲಕೋಟೆ: ಬಾದಾಮಿಯಿಂದ ಸುಮಾರು 5 ಕಿ.ಮೀ. ದೂರದ ಚೊಳಚಗುಡ್ಡದಲ್ಲಿ ನೆಲೆಸಿರುವ ಬನಶಂಕರಿ ದೇವಿ ಸಿಂಹವಾಹಿನಿ. ಪುಷ್ಯ ಮಾಸದ ಬನದ ಹುಣ್ಣಿಮೆಯಂದು ರಥೋತ್ಸವ ಜರುಗಿದ ಬಳಿಕವೂ ಇಲ್ಲಿನ ಜಾತ್ರೆ ವಾರಗಟ್ಟಲೆ ಮುಂದುವರಿಯುತ್ತದೆ. ಒಂದು ಕಡೆ ವೃತ್ತಿ ನಾಟಕ ಕಂಪನಿಗಳ ತಗಡಿನ ಥಿಯೇಟರುಗಳು, ಇನ್ನೊಂದು ಕಡೆ ಬಾಗಿಲು ಚೌಕಟ್ಟುಗಳ ಮಾರಾಟ, ಮತ್ತೊಂದು ಕಡೆ ದೀಪಾಲಂಕೃತ ತೊಟ್ಟಿಲುಗಳು. ಗರ್ಭಗುಡಿಯಲ್ಲಿ ಸಿಂಹದ ಮೇಲಿನ ದೇವಿಯನ್ನು ಕಂಡು ಹೊರಬಂದ ಮಗು, ಬಯಲಿನಲ್ಲಿ ಫೈಬರ್ ಸಿಂಹದ ಮೇಲೆ ತಾನೂ ಕೂರಬೇಕೆಂದು ಹಟ ಹಿಡಿಯುವುದು ಸಹಜವೇ ಆಗಿದೆ.

ಕುದುರೆ, ಆನೆ, ಸಿಂಹ, ಹಂಸ, ಮೊಸಳೆ, ಡ್ರ್ಯಾಗನ್. ಇಂದಿನ ಜಾತ್ರೆ, ವಸ್ತುಪ್ರದರ್ಶನ ಹಾಗೂ ಮನರಂಜನಾ ಉದ್ಯಾನಗಳಲ್ಲಿ ಮಕ್ಕಳ ಆಟದ ಯಂತ್ರಗಳು ಬಹುಪಾಲು ಪ್ರಾಣಿಯ ಮುಖ ಹೊತ್ತಿರುತ್ತವೆ. ಮುಖ ಆಕರ್ಷಕವಾಗಿದ್ದರೆ ಪಾಲಕರು ಚೀಟಿ ಕೊಳ್ಳುತ್ತಾರೆ. ಆದರೆ ಮಗುವಿನ ಭಾರ ಹೊರುವುದು ಆ ಮುಖವಲ್ಲ. ಅದರ ಕೆಳಗಿರುವ ಕಬ್ಬಿಣ, ಬೋಲ್ಟು, ಬೇರಿಂಗು ಮತ್ತು ಬ್ರೇಕು. ಆ ಯಂತ್ರಗಳು ಹೇಗೆ ಕೆಲಸ ಮಾಡುತ್ತವೆ, ಪಾಲಕರು ಯಾವುದನ್ನು ಗಮನಿಸಬೇಕು ಎಂಬುದರತ್ತ ಒಂದು ನೋಟ ಇಲ್ಲಿದೆ.

ಜೀವಂತ ಪ್ರಾಣಿಯಿಂದ ಯಂತ್ರದ ಪ್ರಾಣಿಗೆ

ಪ್ರಾಣಿಯ ರೂಪವನ್ನು ಆಟಕ್ಕೆ ಬಳಸುವುದು ಈ ನೆಲಕ್ಕೆ ಹೊಸದೇನಲ್ಲ. ಬಾದಾಮಿಯ ಒಂದನೆಯ ಗುಹೆಯ ದ್ವಾರಪಾಲಕನ ಕೆಳಗೆ ಆನೆ ಮತ್ತು ಎತ್ತು ಒಂದೇ ತಲೆಯನ್ನು ಹಂಚಿಕೊಂಡಿರುವ ಶಿಲ್ಪವಿದೆ. ಒಂದು ಬದಿಯನ್ನು ಮುಚ್ಚಿ ನೋಡಿದರೆ ಆನೆ, ಮತ್ತೊಂದು ಬದಿಯನ್ನು ಮುಚ್ಚಿದರೆ ಎತ್ತು. ನೋಡುಗನನ್ನು ಬೆರಗುಗೊಳಿಸುವ ಈ ಚಮತ್ಕಾರಕ್ಕೆ ಸಾವಿರದ ನಾಲ್ಕುನೂರು ವರ್ಷಗಳಿಗೂ ಮಿಕ್ಕಿದ ವಯಸ್ಸಾಗಿದೆ. ಇಳಕಲ್ ಸೀರೆಗೆ ಹಾಕುವ ಕಸೂತಿಯಲ್ಲಿ ಆನೆ, ನವಿಲುಗಳ ಪಕ್ಕದಲ್ಲಿಯೇ ತೇರು, ತೊಟ್ಟಿಲುಗಳೂ ಮೂಡುತ್ತವೆ. ಕಾರಹುಣ್ಣಿಮೆಯಲ್ಲಿ ಜೀವಂತ ಎತ್ತುಗಳನ್ನು ಸಿಂಗರಿಸಿ ಕರಿ ಹರಿಯುವ ರೈತಾಪಿ ಮನೆಗಳು, ಅದರ ಬೆನ್ನಿಗೇ ಬರುವ ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮಣ್ಣಿನ ಎತ್ತುಗಳನ್ನು ಪೂಜಿಸುತ್ತವೆ. ಉತ್ತರ ಕರ್ನಾಟಕದ ಹಳ್ಳಿಯ ಮಗುವಿನ ಮೊದಲ ಆಟದ ಪ್ರಾಣಿ ಬಹುಶಃ ಆ ಮಣ್ಣೆತ್ತೇ.

ಜೀವಂತ ಪ್ರಾಣಿಯನ್ನೇ ಪ್ರದರ್ಶನಕ್ಕಿಟ್ಟು ಜನರನ್ನು ರಂಜಿಸಿದ್ದು ಸರ್ಕಸ್. ಆಧುನಿಕ ಭಾರತೀಯ ಸರ್ಕಸ್ಸಿನ ಮೂಲಪುರುಷರೆನಿಸಿದ ವಿಷ್ಣುಪಂತ ಛತ್ರೆ ಅವರು ಮುಂಬಯಿಯಲ್ಲಿ ತಮ್ಮ ಪ್ರದರ್ಶನ ಆರಂಭಿಸಿದ್ದು 1880ರಲ್ಲಿ. ಆನಂತರದ ಒಂದು ಶತಮಾನಕ್ಕೂ ಹೆಚ್ಚು ಕಾಲ ಹುಲಿ, ಸಿಂಹ, ಕರಡಿಗಳೇ ಸರ್ಕಸ್ ಡೇರೆಯ ಮುಖ್ಯ ಆಕರ್ಷಣೆಯಾಗಿದ್ದವು. ಕೇಂದ್ರ ಸರ್ಕಾರವು 1998ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯು ಕರಡಿ, ಮಂಗ, ಹುಲಿ, ಚಿರತೆ ಮತ್ತು ಸಿಂಹ, ಈ ಐದು ಬಗೆಯ ಪ್ರಾಣಿಗಳನ್ನು ಪಳಗಿಸಿ ಪ್ರದರ್ಶಿಸುವುದನ್ನು ನಿಷೇಧಿಸಿತು. ಸರ್ಕಸ್ ಮಾಲೀಕರು ನ್ಯಾಯಾಲಯದ ಮೆಟ್ಟಿಲೇರಿದರಾದರೂ 2001ರಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. 2011ರಲ್ಲಿ ಎತ್ತನ್ನೂ ಆ ಪಟ್ಟಿಗೆ ಸೇರಿಸಲಾಯಿತು.

ಚಾಟಿಯ ಭಯದಲ್ಲಿ ಬೆಂಕಿಯ ಬಳೆ ದಾಟುತ್ತಿದ್ದ ಸಿಂಹ ಹೀಗೆ ಡೇರೆಯಿಂದ ಹೊರನಡೆಯಿತು. ಇಂದು ಮಗು ಸವಾರಿ ಮಾಡುವುದು ಫೈಬರಿನ ಸಿಂಹದ ಮೇಲೆ. ಇದು ಸ್ವಾಗತಾರ್ಹ ಬದಲಾವಣೆ. ಆದರೆ ಜವಾಬ್ದಾರಿ ಮುಗಿಯಿತೆಂದಲ್ಲ. ಜೀವಂತ ಕುದುರೆ ದಣಿದರೆ ನಿಲ್ಲುತ್ತದೆ, ನೋವಾದರೆ ಕೆನೆಯುತ್ತದೆ. ಯಂತ್ರದ ಕುದುರೆಗೆ ಆ ಗುಣವಿಲ್ಲ. ಅದರ ದಣಿವನ್ನು ಮನುಷ್ಯನೇ ಪರೀಕ್ಷಿಸಿ ಕಂಡುಕೊಳ್ಳಬೇಕು.

ತಿರುಗುವ ಕುದುರೆಗಳ ಲೆಕ್ಕ

ಪ್ರಾಣಿ ರೂಪದ ಆಟಗಳಲ್ಲಿ ಅತ್ಯಂತ ಹಳೆಯದು ಮೆರ್ರಿ-ಗೋ-ರೌಂಡ್, ಅಂದರೆ ಕುದುರೆಗಳ ತಿರುಗುಣಿ. ಮೊದಲು ಇದನ್ನು ಕೈಯಿಂದ ತಳ್ಳಲಾಗುತ್ತಿತ್ತು. 19ನೇ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಯಾವೇಜ್ ಉಗಿಯಂತ್ರದಿಂದ ಅದನ್ನು ತಿರುಗಿಸಿ ಜನಪ್ರಿಯಗೊಳಿಸಿದನು. ಇಂದು ಆ ಕೆಲಸವನ್ನು ವಿದ್ಯುತ್ ಮೋಟಾರು ಮಾಡುತ್ತದೆ.

ನಡುವೆ ಒಂದು ಕಂಬ, ಅದರ ಸುತ್ತ ತಿರುಗುವ ವೇದಿಕೆ. ಕುದುರೆಗಳು ಮೇಲೆ ಕೆಳಗೆ ಜಿಗಿಯುವ ಬಗೆಯ ಯಂತ್ರದಲ್ಲಿ ಛಾವಣಿಯಡಿ ಸೊಟ್ಟಗೆ ಬಾಗಿಸಿದ ಸರಳುಗಳಿರುತ್ತವೆ. ವೇದಿಕೆ ತಿರುಗಿದಂತೆ ಹಲ್ಲುಗಾಲಿಗಳು ಈ ಸರಳುಗಳನ್ನು ಉರುಳಿಸುತ್ತವೆ. ಬಾಗಿದ ಭಾಗಕ್ಕೆ ನೇತುಬಿದ್ದ ಕುದುರೆ ಅದರೊಂದಿಗೆ ಏರಿಳಿಯುತ್ತದೆ. ಅಕ್ಕಪಕ್ಕದ ಬಾಗುಗಳು ವಿರುದ್ಧ ದಿಕ್ಕಿನಲ್ಲಿರುವುದರಿಂದ ಒಂದು ಕುದುರೆ ಏರಿದಾಗ ಪಕ್ಕದ್ದು ಇಳಿಯುತ್ತದೆ.

ಎಲ್ಲ ಕುದುರೆಗಳೂ ಒಂದೇ ವೇಗದಲ್ಲಿ ಓಡುತ್ತವೆ ಎಂಬ ಭಾವನೆ ತಪ್ಪು. ಒಂದು ಸುತ್ತಿಗೆ 6 ಸೆಕೆಂಡು ಹಿಡಿಯುವ ವೇದಿಕೆಯಲ್ಲಿ ಕಂಬದಿಂದ 2 ಮೀಟರ್ ದೂರದ ಕುದುರೆ ಗಂಟೆಗೆ ಸುಮಾರು 7.5 ಕಿ.ಮೀ. ವೇಗದಲ್ಲಿ ಸಾಗಿದರೆ, 3 ಮೀಟರ್ ದೂರದ್ದು ಸುಮಾರು 11 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಹೊರಸಾಲಿನಲ್ಲಿ ಕುಳಿತ 20 ಕಿಲೋ ತೂಕದ ಮಗುವಿಗೆ ಸುಮಾರು ಆರೂವರೆ ಕಿಲೋ ಭಾರದಷ್ಟು ಬಲ ತನ್ನನ್ನು ಹೊರಕ್ಕೆ ಎಳೆದಂತೆ ಭಾಸವಾಗುತ್ತದೆ. ಪುಟ್ಟ ಕೈಗಳು ಅದನ್ನು ತಡೆದುಕೊಳ್ಳಬಲ್ಲವು.

ಜನಸಂದಣಿ ಹೆಚ್ಚಾದಾಗ, ಬೇಗ ಬೇಗ ಸರದಿ ಮುಗಿಸುವ ಆತುರದಲ್ಲಿ ಅದೇ ಯಂತ್ರವನ್ನು 3 ಸೆಕೆಂಡಿಗೆ ಒಂದು ಸುತ್ತಿನಂತೆ ಓಡಿಸಿದರೆ ಏನಾದೀತು? ವೇಗ ಎರಡು ಪಟ್ಟಾದರೆ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಆಗ ಅದೇ ಮಗುವನ್ನು ಸುಮಾರು 27 ಕಿಲೋ ಭಾರದಷ್ಟು, ಅಂದರೆ ತನ್ನ ತೂಕಕ್ಕಿಂತ ಹೆಚ್ಚಿನ ಬಲ ಹೊರಕ್ಕೆಳೆಯುತ್ತದೆ. ಕಂಬ ಹಿಡಿದ ಕೈ ಜಾರುವುದು ಆಗಲೇ. ತೀರ ಚಿಕ್ಕ ಮಕ್ಕಳನ್ನು ಒಳಸಾಲಿನಲ್ಲಿ ಕೂರಿಸಬೇಕು, ಜೊತೆಗಿರುವ ಹಿರಿಯರು ಕುದುರೆಯ ಹೊರಬದಿಯಲ್ಲಿ ನಿಲ್ಲಬೇಕು ಎಂಬುದರ ಹಿಂದಿನ ಕಾರಣ ಇದೇ.

ಡ್ರ್ಯಾಗನ್ ರೈಲಿನ ಮೂರು ಗಾಲಿಗಳು

ಡ್ರ್ಯಾಗನ್ ಅಥವಾ ಕಂಬಳಿಹುಳುವಿನ ತಲೆ ಹೊತ್ತು ಏರಿಳಿಯುವ ಹಳಿಯ ಮೇಲೆ ಸುತ್ತುವ ಪುಟಾಣಿ ರೈಲು ಮತ್ತೊಂದು ಜನಪ್ರಿಯ ಆಟ. ಸಣ್ಣ ರೈಲುಗಳು ಬಹುಮಟ್ಟಿಗೆ ಮೋಟಾರಿನ ಬಲದಿಂದಲೇ ಓಡುತ್ತವೆ. ದೊಡ್ಡ ಉದ್ಯಾನಗಳ ರೋಲರ್ ಕೋಸ್ಟರಿನಲ್ಲಿ ಸರಪಳಿಯೊಂದು ಬಂಡಿಯನ್ನು ಎತ್ತರಕ್ಕೆ ಎಳೆದು ಬಿಡುತ್ತದೆ. ಮುಂದಿನ ಓಟಕ್ಕೆ ಇಳಿಜಾರೇ ಎಂಜಿನ್. ಏರುವಾಗ ಕೇಳಿಸುವ 'ಟಕ್ ಟಕ್' ಸದ್ದು ಯಂತ್ರ ಕೆಟ್ಟಿದ್ದರ ಲಕ್ಷಣವಲ್ಲ. ಸರಪಳಿ ತುಂಡಾದರೂ ಬಂಡಿ ಹಿಂದಕ್ಕೆ ಉರುಳದಂತೆ ತಡೆಯುವ ಕೊಕ್ಕೆಯು ಹಲ್ಲಿನಿಂದ ಹಲ್ಲಿಗೆ ಬೀಳುವ ಸದ್ದದು.

ಇಂಥ ಬಂಡಿಗೆ ಮೂರು ಬಗೆಯ ಗಾಲಿಗಳಿರುತ್ತವೆ. ಹಳಿಯ ಮೇಲೆ ಭಾರ ಹೊರುವ ಗಾಲಿ, ಪಕ್ಕಕ್ಕೆ ಸರಿಯದಂತೆ ತಡೆಯುವ ಗಾಲಿ, ಹಳಿಯ ಕೆಳಗಿದ್ದು ಬಂಡಿ ಮೇಲಕ್ಕೆ ಜಿಗಿಯದಂತೆ ಹಿಡಿಯುವ ಗಾಲಿ. ಚೆನ್ನಾಗಿ ರೂಪಿಸಿದ ಬಂಡಿ ಹಳಿಯನ್ನು ಮೂರೂ ಕಡೆಯಿಂದ ತಬ್ಬಿಕೊಂಡಿರುತ್ತದೆ.

ಇಲ್ಲಿ ಪಾಲಕರು ಮಾಡುವ ಸಾಮಾನ್ಯ ತಪ್ಪೊಂದಿದೆ. ಧೈರ್ಯ ತುಂಬಲು ಮಗುವಿನ ಪಕ್ಕ ತಾವೂ ಕೂರುತ್ತಾರೆ. ಇಬ್ಬರಿಗೂ ಸೇರಿ ಒಂದೇ ಅಡ್ಡಸರಳಿದ್ದಾಗ ಅದು ಹಿರಿಯರ ತೊಡೆಗೆ ತಾಗಿ ನಿಲ್ಲುತ್ತದೆ. ಮಗುವಿನ ತೊಡೆಗೂ ಸರಳಿಗೂ ನಡುವೆ ಒಂದು ಗೇಣು ಖಾಲಿ ಉಳಿಯುತ್ತದೆ. ಆ ಗೇಣಿನಲ್ಲಿಯೇ ಅಪಾಯವಿದೆ. ಇಂಥ ಆಟಗಳಿಗೆ ಮಗುವಿನ ವಯಸ್ಸಿಗಿಂತ ಎತ್ತರವನ್ನೇ ಅಳತೆಗೋಲಾಗಿ ಇಡುವುದು ಸರಳು, ಬೆಲ್ಟು ದೇಹಕ್ಕೆ ಸರಿಯಾಗಿ ಕೂರಬೇಕೆಂಬ ಕಾರಣಕ್ಕೆ. 'ನಮ್ಮ ಹುಡುಗ ಧೈರ್ಯವಂತ' ಎಂದು ವಾದಿಸಿ ಒಳಬಿಡಿಸುವುದು ಜಾಣತನವಲ್ಲ.

ಗಾಳಿ ತುಂಬಿದ ಆನೆ, ಕೆರಳುವ ಹೋರಿ, ತೇಲುವ ಹಂಸ

ಆನೆಯ ಬೆನ್ನೇರಿ ಸೊಂಡಿಲ ಮೇಲಿಂದ ಜಾರುವ, ಗಾಳಿ ತುಂಬಿದ ಜಾರುಬಂಡಿಗಳು ಮೃದುವಾಗಿರುವುದರಿಂದ ನಿರಪಾಯವೆಂದು ಅನೇಕರು ಭಾವಿಸುತ್ತಾರೆ. ಈ ಆನೆಯ ಪ್ರಾಣ ಹಿಂದೆ ಇಟ್ಟಿರುವ ಗಾಳಿಯಂತ್ರದಲ್ಲಿದೆ. ಹೊಲಿಗೆಗಳ ಸಂದಿನಿಂದ ಗಾಳಿ ಸತತವಾಗಿ ಸೋರುತ್ತಿರುತ್ತದೆ, ಯಂತ್ರ ಅದನ್ನು ಸತತವಾಗಿ ತುಂಬುತ್ತಿರುತ್ತದೆ. ವಿದ್ಯುತ್ ಕೈಕೊಟ್ಟರೆ ಆನೆ ಕುಸಿಯುತ್ತದೆ. ಎರಡನೆಯ ಶತ್ರು ಬಿರುಗಾಳಿ. ನೆಲಕ್ಕೆ ಗೂಟ ಹೊಡೆದು ಕಟ್ಟದಿದ್ದರೆ ಅಷ್ಟು ದೊಡ್ಡ ಹಗುರ ವಸ್ತು ಹಡಗಿನ ಹಾಯಿಯಂತೆ ಗಾಳಿಗೆ ಎದ್ದುಬಿಡಬಲ್ಲದು. ಗಾಳಿಯ ವೇಗ ಗಂಟೆಗೆ 38 ಕಿ.ಮೀ. ಮೀರಿದರೆ ಇವುಗಳನ್ನು ಬಳಸಲೇಬಾರದು ಎಂಬುದು ಯುರೋಪಿನ ಮಾನದಂಡ. ಧೂಳೆದ್ದು ಮರದ ಕೊಂಬೆಗಳು ಹೊಯ್ದಾಡತೊಡಗಿದರೆ ಮಕ್ಕಳನ್ನು ಇಳಿಸಿಕೊಳ್ಳಲು ಅಳತೆಯ ಯಂತ್ರಕ್ಕೆ ಕಾಯಬೇಕಿಲ್ಲ.

ನಗರಗಳ ಮಾಲ್‌ಗಳಿಂದ ಪ್ರದರ್ಶನ ಮೈದಾನಗಳಿಗೂ ಬಂದಿರುವ ಯಾಂತ್ರಿಕ ಹೋರಿಯಲ್ಲಿ ಸವಾರನನ್ನು ಬೀಳಿಸುವುದೇ ಆಟ. ಒಂದು ಮೋಟಾರು ತಿರುಗಿಸಿದರೆ ಇನ್ನೊಂದು ಮುಂದೆ ಹಿಂದೆ ಬಾಗಿಸುತ್ತದೆ. ವೇಗದ ಗುಂಡಿ ನಿರ್ವಾಹಕನ ಬೆರಳಲ್ಲಿರುತ್ತದೆ. ಇಲ್ಲಿ ಸುರಕ್ಷತೆ ಎಂದರೆ ಎರಡೇ: ಸುತ್ತಲೂ ಸಂದಿಲ್ಲದ ದಪ್ಪ ಮೆತ್ತೆ ಮತ್ತು ಸವಾರನ ಮೇಲಿಂದ ಕಣ್ಣು ಕೀಳದ ನಿರ್ವಾಹಕ. ಅವನು ಮೊಬೈಲಿನಲ್ಲಿ ಮಗ್ನನಾಗಿದ್ದರೆ ಮುಂದಿನ ಸಾಲಿಗೆ ಹೋಗುವುದೇ ಲೇಸು.

ಹಂಸದ ಆಕಾರದ ತುಳಿದೋಣಿ ಕೆರೆ, ಜಲಾಶಯಗಳ ಬಳಿಯ ಉದ್ಯಾನಗಳಲ್ಲಿ ಕಾಣಸಿಗುತ್ತದೆ. ಹಂಸದ ಕೊರಳು ಎತ್ತರವಿದ್ದಷ್ಟೂ ಗಾಳಿಗೆ ಸಿಗುವ ಮೈ ಹೆಚ್ಚು. ಒಬ್ಬರು ಎದ್ದು ನಿಂತರೂ, ಎಲ್ಲರೂ ಫೋಟೊಕ್ಕಾಗಿ ಒಂದೇ ಬದಿಗೆ ವಾಲಿದರೂ ದೋಣಿಯ ತೂಕ ತಪ್ಪುತ್ತದೆ. ಜೀವರಕ್ಷಕ ಅಂಗಿ ತೊಟ್ಟರೆ ಸಾಲದು, ಅದರ ಪಟ್ಟಿಗಳನ್ನು ಬಿಗಿದಿರಬೇಕು. ಸಡಿಲವಾದ ಅಂಗಿ ನೀರಿಗೆ ಬಿದ್ದ ಮಗುವಿನ ಮೈಯಿಂದ ಕಳಚಿ ತಾನಷ್ಟೇ ತೇಲುತ್ತದೆ.

ಎರೆಭೂಮಿಯ ಸ್ವಭಾವ

ದೊಡ್ಡ ಉದ್ಯಾನದ ಯಂತ್ರಕ್ಕೂ ಜಾತ್ರೆಯ ಯಂತ್ರಕ್ಕೂ ಇರುವ ಮುಖ್ಯ ವ್ಯತ್ಯಾಸ ಬುನಾದಿಯದು. ಉದ್ಯಾನದಲ್ಲಿ ಯಂತ್ರವನ್ನು ಕಾಂಕ್ರೀಟಿಗೆ ಬಿಗಿದು ಶಾಶ್ವತವಾಗಿ ನಿಲ್ಲಿಸಲಾಗುತ್ತದೆ. ಜಾತ್ರೆಯ ಯಂತ್ರವನ್ನು ಲಾರಿಯಲ್ಲಿ ತಂದು, ಜೋಡಿಸಿ, ಕೆಲ ದಿನಗಳ ಬಳಿಕ ಬಿಚ್ಚಿ ಮುಂದಿನ ಊರಿಗೆ ಒಯ್ಯಲಾಗುತ್ತದೆ. ಪ್ರತಿ ಜೋಡಣೆಯಲ್ಲಿಯೂ ನೂರಾರು ಬೋಲ್ಟು, ಪಿನ್ನುಗಳು ಮತ್ತೆ ಹೊಸದಾಗಿ ಬಿಗಿಯಾಗಬೇಕು. ಒಂದು ಊರಿನ ಪರೀಕ್ಷೆ ಮತ್ತೊಂದು ಊರಿಗೆ ಸಲ್ಲದಿರುವುದು ಇದೇ ಕಾರಣಕ್ಕೆ.

ಬಾಗಲಕೋಟೆ ಜಿಲ್ಲೆಯ ಮಟ್ಟಿಗೆ ಮತ್ತೊಂದು ವಿಶೇಷವಿದೆ. ಇಲ್ಲಿನ ಬಯಲುಗಳಲ್ಲಿ ಬಹಳಷ್ಟು ಎರೆಭೂಮಿ. ನೀರು ಕುಡಿದರೆ ಉಬ್ಬುವುದು, ಒಣಗಿದರೆ ಕುಗ್ಗಿ ಬಿರಿಯುವುದು ಎರೆಮಣ್ಣಿನ ಸ್ವಭಾವ. ಮರದ ದಿಮ್ಮಿಗಳ ಮೇಲೆ ಮಟ್ಟ ಮಾಡಿ ನಿಲ್ಲಿಸಿದ ಯಂತ್ರದ ಒಂದು ಕಾಲು ಒಂದೇ ಮಳೆಗೆ ಕುಸಿದರೆ ಇಡೀ ಭಾರ ಉಳಿದ ಕಾಲುಗಳ ಮೇಲೆ ಬೀಳುತ್ತದೆ. ಬನಶಂಕರಿ ಜಾತ್ರೆ ನಡೆಯುವುದು ಮಳೆಯಿಲ್ಲದ ಚಳಿಗಾಲದಲ್ಲಿ. ಆದರೆ ಹುನಗುಂದ, ಇಳಕಲ್ ಭಾಗದಲ್ಲಿ ಶ್ರಾವಣದ ಉತ್ಸವಗಳ ಹೊತ್ತಿಗೆ ನೆಲ ಹಸಿಯಾಗಿರುವ ಸಂಭವವೇ ಹೆಚ್ಚು. ಮಳೆ ಬಿದ್ದ ಮರುದಿನ ಯಂತ್ರದ ಮಟ್ಟವನ್ನು ಪುನಃ ಪರೀಕ್ಷಿಸದೆ ಓಡಿಸುವುದು ಅಕ್ಷಮ್ಯ.

ಹಸಿನೆಲದ ಮೇಲೆ ಎಳೆದ ವಿದ್ಯುತ್ ತಂತಿ ಇನ್ನೊಂದು ಆತಂಕ. ಕಬ್ಬಿಣದ ವೇದಿಕೆಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದಲ್ಲಿ, ಸುಲಿದ ಒಂದು ತಂತಿ ತಾಗಿದರೂ ಇಡೀ ಆಟಿಕೆಯಲ್ಲಿ ವಿದ್ಯುತ್ ಹರಿಯಬಹುದು.

ಮರೆಯಬಾರದ ದುರಂತಗಳು

ಬೆಂಗಳೂರಿನಲ್ಲಿ 1981ರ ಫೆಬ್ರುವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ತಗುಲಿ 90ಕ್ಕೂ ಹೆಚ್ಚು ಜನ ಅಸುನೀಗಿದರು. ಅವರಲ್ಲಿ ಬಹುಪಾಲು ಮಕ್ಕಳು. ಪ್ರಾಣಿಗಳನ್ನು ನೋಡಲು ಬಂದ ಮಕ್ಕಳನ್ನು ಬಲಿ ತೆಗೆದುಕೊಂಡದ್ದು ಯಾವ ಹುಲಿಯೂ ಅಲ್ಲ, ಬೆಂಕಿ ಮತ್ತು ನೂಕುನುಗ್ಗಲು. ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿಯ ಉದ್ಯಾನದಲ್ಲಿ 2019ರ ಜುಲೈ 14ರಂದು ಲೋಲಕದಂತೆ ತೂಗುವ ಯಂತ್ರವೊಂದು ಮುರಿದುಬಿದ್ದು ಸಾವು ನೋವುಗಳು ಸಂಭವಿಸಿದವು. ರಾಜಕೋಟದ ಆಟದ ಕೇಂದ್ರವೊಂದರಲ್ಲಿ 2024ರ ಮೇ 25ರಂದು ಹೊತ್ತಿಕೊಂಡ ಬೆಂಕಿಗೆ 25ಕ್ಕೂ ಅಧಿಕ ಮಂದಿ ಬಲಿಯಾದರು.

ಭಾರತೀಯ ಮಾನಕ ಬ್ಯೂರೋ 2004ರಲ್ಲಿಯೇ ಮನರಂಜನಾ ಯಂತ್ರಗಳ ಸುರಕ್ಷತೆಗಾಗಿ ಐಎಸ್ 15475 ಎಂಬ ಮಾನದಂಡವನ್ನು ರೂಪಿಸಿದೆ. ಆದರೆ ಮಾನದಂಡ ಕಾಗದದಲ್ಲಿದ್ದರೆ ಸಾಲದು. ಪರವಾನಗಿ ಕೊಡುವವರು ಬಯಲಿಗೆ ಬಂದು ನೋಡಬೇಕು, ಚೀಟಿ ಕೊಳ್ಳುವವರು ಕೇಳಬೇಕು.

ಚೀಟಿ ಕೊಳ್ಳುವ ಮುನ್ನ

ಎಂಜಿನಿಯರ್ ಅಲ್ಲದ ಪಾಲಕರೂ ಐದು ನಿಮಿಷ ನಿಂತು ಗಮನಿಸಬಹುದಾದ ಅಂಶಗಳು ಇಂತಿವೆ:

* ಯಂತ್ರ ಒಂದು ಪೂರ್ತಿ ಸರದಿ ಓಡುವುದನ್ನು ಮೊದಲು ನೋಡಿ. ಬುಡ ಅಲುಗಾಡುತ್ತಿದ್ದರೆ, ಕಿರಗುಟ್ಟುವ ಇಲ್ಲವೆ ಬಡಿಯುವ ಸದ್ದು ಪ್ರತಿ ಸುತ್ತಿನಲ್ಲಿಯೂ ಒಂದೇ ಜಾಗದಲ್ಲಿ ಕೇಳಿದರೆ ದೂರವಿರಿ.

* ಪಿನ್ನು ಇರಬೇಕಾದಲ್ಲಿ ತಂತಿ, ಬೋಲ್ಟು ಇರಬೇಕಾದಲ್ಲಿ ಹಗ್ಗ ಕಂಡರೆ ಮಗುವನ್ನು ಕೂರಿಸಬೇಡಿ. ಹೊಸ ಬಣ್ಣದಡಿ ತುಕ್ಕು ಉಬ್ಬಿರುವುದನ್ನೂ ಗಮನಿಸಿ.

* ನಿರ್ವಾಹಕ ಪ್ರತಿ ಆಸನದ ಬೆಲ್ಟನ್ನು ಕೈಯಿಂದ ಎಳೆದು ನೋಡುತ್ತಾನೆಯೇ, ತುರ್ತಾಗಿ ನಿಲ್ಲಿಸುವ ಗುಂಡಿ ಅವನ ಕೈಗೆಟುಕುವಂತಿದೆಯೇ ಎಂಬುದು ಮುಖ್ಯ.

* ದುಪಟ್ಟಾ, ಸೀರೆಯ ಸೆರಗು, ಬಿಚ್ಚಿದ ಜಡೆ ತಿರುಗುವ ಭಾಗಕ್ಕೆ ಸಿಲುಕಿದರೆ ಪ್ರಾಣಾಪಾಯ ನಿಶ್ಚಿತ. ಕೂದಲು ಕಟ್ಟಿ, ಸೆರಗು ಸಿಕ್ಕಿಸಿ ಕೂರಬೇಕು.

* ಯಂತ್ರ ಪೂರ್ತಿ ನಿಲ್ಲುವ ಮುನ್ನ ಇಳಿಯಲು, ಮಗುವನ್ನು ಎತ್ತಿಕೊಳ್ಳಲು ಮುಂದಾಗಬಾರದು.

* ಡೇರೆಯೊಳಗಿನ ಆಟವಾದರೆ ಒಳಹೋಗುವ ಮುನ್ನ ಹೊರಬರುವ ಇನ್ನೊಂದು ದಾರಿ ಎಲ್ಲಿದೆ ಎಂದು ನೋಡಿಕೊಳ್ಳಿ. ತುರ್ತು ನೆರವಿಗೆ 112, ಆಂಬುಲೆನ್ಸಿಗೆ 108 ಕರೆ ಮಾಡಬಹುದು.

ನಿಜವಾದ ಪ್ರಾಣಿಯನ್ನು ನೋಡಬೇಕೆಂದರೆ

ಯಂತ್ರದ ಪ್ರಾಣಿಯ ಮೇಲೆ ಸವಾರಿ ಮಾಡಿದ ಮಗು ನಿಜವಾದ ಪ್ರಾಣಿ ಎಲ್ಲಿದೆ ಎಂದು ಕೇಳದೆ ಇರದು. ಜಿಲ್ಲೆಯ ಗಡಿಗೆ ಹೊಂದಿಕೊಂಡು ಕೃಷ್ಣೆಗೆ ಕಟ್ಟಿರುವ ಆಲಮಟ್ಟಿ ಅಣೆಕಟ್ಟೆಯ ಬಳಿಯ ರಾಕ್ ಗಾರ್ಡನ್‌ನಲ್ಲಿ ಪ್ರಾಣಿ, ಪಕ್ಷಿಗಳ ಪ್ರತಿಕೃತಿಗಳಿದ್ದು, ಮಕ್ಕಳಿಗೆ ಅದೊಂದು ಚಿತ್ರಪುಸ್ತಕವಿದ್ದಂತೆ. ಜೀವಂತ ಪ್ರಾಣಿಗಳಿಗಾಗಿ ಗದಗ ಬಳಿಯ ಬಿಂಕದಕಟ್ಟಿ ಮೃಗಾಲಯವಿದೆ. ಇಳಕಲ್, ಹುನಗುಂದದ ಕಡೆಯಿಂದ ಹೊಸಪೇಟೆಯತ್ತ ಹೊರಟರೆ ಹಂಪಿ ಸಮೀಪದ ಕಮಲಾಪುರದಲ್ಲಿ ಅಟಲ್ ಬಿಹಾರಿ ವಾಜಪೇಯಿ ಹೆಸರಿನ ಪ್ರಾಣಿಸಂಗ್ರಹಾಲಯವಿದ್ದು, ಅಲ್ಲಿ ಸಫಾರಿಯ ಸೌಲಭ್ಯವೂ ಇದೆ.

ಇದೆಲ್ಲಕ್ಕಿಂತ ಮನೆಯಂಗಳದ ಸಂಗತಿಯೊಂದಿದೆ. ಬಾಗಲಕೋಟೆ ಜಿಲ್ಲೆಯ ಬೀಳಗಿ, ಮುಧೋಳ ಭಾಗದಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮವಿದೆ. ಕುರುಚಲು ಕಾಡಿನ ನಾಚಿಕೆಯ ಜೀವಿಯಾದ ಚಿಂಕಾರ ಚೀಟಿ ಕೊಂಡವರಿಗೆಲ್ಲ ದರ್ಶನ ಕೊಡುವುದಿಲ್ಲ. ಮನುಷ್ಯ ದೂರವಿದ್ದಷ್ಟೂ ಅದಕ್ಕೆ ಕ್ಷೇಮ. ಬಾದಾಮಿಯ ಗುಹೆಗಳ ಬಳಿಯ ಮಂಗಗಳಿಗೆ ತಿಂಡಿ ಎಸೆಯದಿರುವುದೂ ಮಗುವಿಗೆ ಕಲಿಸಬೇಕಾದ ಅಷ್ಟೇ ಮುಖ್ಯ ಪಾಠ. ಕಾಡಿನ ಪ್ರಾಣಿ ನೋಡಲಿಕ್ಕೆ, ಯಂತ್ರದ ಪ್ರಾಣಿ ಸವಾರಿಗೆ ಎಂಬ ಅಂತರ ಎಳವೆಯಲ್ಲಿಯೇ ತಿಳಿದರೆ ಒಳಿತು.

ಕಾಯ್ದೆ, ನ್ಯಾಯಾಲಯಗಳು ಜೀವಂತ ಸಿಂಹವನ್ನು ಪ್ರದರ್ಶನದ ಹಿಂಸೆಯಿಂದ ಬಿಡಿಸಿವೆ. ಫೈಬರ್ ಸಿಂಹದ ಮೇಲೆ ಕುಳಿತ ಮಗುವನ್ನು ಕಾಯುವ ಹೊಣೆ ಯಂತ್ರದ ಮಾಲೀಕ, ಪರವಾನಗಿ ಕೊಟ್ಟ ಅಧಿಕಾರಿ, ಚೀಟಿ ಕೊಂಡ ಪಾಲಕರು ಈ ಮೂವರದೂ ಆಗಿದೆ. ಮುಂದಿನ ಜಾತ್ರೆಯಲ್ಲಿ ಮಗು ಸಿಂಹದ ಮುಖ ನೋಡಲಿ. ಹಿರಿಯರು ಒಮ್ಮೆ ಬಗ್ಗಿ, ಸಿಂಹದ ಕಾಲಬುಡದ ಬೋಲ್ಟನ್ನು ನೋಡಲಿ.